ಕಲ್ಲು ಹೇಳಿದ್ದೇನು, ನಾವು ಓದಿದ್ದೇನು?

ಮಕ್ಕಳೇ, ನಮ್ಮ ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನಲ್ಲಿ ಜಲಸಂಗಿ ಎಂಬ ಊರಿದೆ. ಅಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಒಂದು ಹಳೆಯ ಶಿವನ ಗುಡಿ ಇದೆ. ಗುಡಿಯ ಹೊರಗೋಡೆಯ ಸುತ್ತ ಕಲ್ಲಿನಲ್ಲಿ ಕಡೆದ ಹೆಣ್ಣುಮಕ್ಕಳ ಮೂರ್ತಿಗಳಿವೆ. ಅವುಗಳಲ್ಲಿ ಒಬ್ಬಳು ಬಹಳ ವಿಶೇಷ. ಅವಳು ಕುಣಿಯುತ್ತಿಲ್ಲ, ಕನ್ನಡಿಯನ್ನೂ ನೋಡಿಕೊಳ್ಳುತ್ತಿಲ್ಲ. ಅವಳು ಬರೆಯುತ್ತಿದ್ದಾಳೆ! ಅವಳ ಮುಂದೆ ಒಂದು ಹಲಗೆ ಇದೆ. ಆ ಹಲಗೆಯ ಮೇಲೆ ನಿಜವಾದ ಅಕ್ಷರಗಳಿವೆ. ಭಾಷೆ ಸಂಸ್ಕೃತ, ಲಿಪಿ ಕನ್ನಡ. ಅದರಲ್ಲಿರುವುದು ವಿಕ್ರಮಾದಿತ್ಯ ಎಂಬ ಚಾಲುಕ್ಯ ದೊರೆಯ ಹೊಗಳಿಕೆ. ಈ ದೊರೆ 1076ರಿಂದ 1126ರವರೆಗೆ ಆಳಿದವನು. ಅವನ ರಾಜಧಾನಿ ಕಲ್ಯಾಣ, ಅಂದರೆ ನಮ್ಮ ಇಂದಿನ ಬಸವಕಲ್ಯಾಣ.

ಹೆಂಗಸೊಬ್ಬಳು ಬರೆಯುತ್ತಿರುವುದನ್ನು ಒಂಬೈನೂರು ವರ್ಷಗಳ ಹಿಂದಿನ ರೂವಾರಿ ಕಲ್ಲಿನಲ್ಲಿ ಕಡೆದಿಟ್ಟಿದ್ದಾನೆ. ನನಗೆ ಇದು ಬಲು ಇಷ್ಟವಾದ ಶಿಲ್ಪ. ನೀವು ಬಗದಲ್‌ನವರಿರಲಿ, ಭಾಲ್ಕಿಯವರಿರಲಿ, ಔರಾದಿನವರಿರಲಿ, ಶಾಲೆಯ ಪ್ರವಾಸ ಆ ಕಡೆ ಹೋದರೆ ಅವಳನ್ನು ತಪ್ಪದೆ ನೋಡಿ ಬನ್ನಿ.

ಈಗ ಒಂದು ಪ್ರಶ್ನೆ. ಅವಳ ಹಲಗೆಯ ಮೇಲೆ ಏನಿದೆ ಎಂದು ನಾನು ನಿಮಗೆ ಹೇಳಿದೆ. ನನಗೆ ಹೇಗೆ ಗೊತ್ತಾಯಿತು? ಯಾರೋ ಓದಿ, ಬರೆದು, ಅಚ್ಚು ಮಾಡಿಸಿದ್ದರಿಂದ ಗೊತ್ತಾಯಿತು. ಅವರು ಓದಿದ್ದು ಸರಿಯೇ? ತಪ್ಪಾಗಿದ್ದರೆ ಅದನ್ನು ತಿದ್ದುವವರು ಯಾರು? ಕಲ್ಲನ್ನಂತೂ ತಿದ್ದಲಾಗುವುದಿಲ್ಲ. ತಿದ್ದಬೇಕಾದದ್ದು ಕಲ್ಲಿನ ಬಗ್ಗೆ ನಾವು ಬರೆದದ್ದನ್ನು. ಅದನ್ನು ಹೇಗೆ ಮಾಡುತ್ತಾರೆ ಎಂದು ನೋಡೋಣ ಬನ್ನಿ.

ಮೊದಲು ಬರೆ, ಆಮೇಲೆ ಕೊರೆ

ಸ್ವಲ್ಪ ಹೊತ್ತು ದೂರದ ರೋಮ್ ನಗರಕ್ಕೆ ಹೋಗಿ ಬರೋಣ. ಅಲ್ಲಿ ಟ್ರಾಜನ್ ಎಂಬ ಚಕ್ರವರ್ತಿಯ ಹೆಸರಿನ ಎತ್ತರದ ಕಂಬವೊಂದಿದೆ. ಅದು ಕ್ರಿ.ಶ. 113ರದು. ಕಂಬದ ಪೀಠದ ಬಾಗಿಲಿನ ಮೇಲೆ ಆರು ಸಾಲಿನ ಒಂದು ಶಾಸನ ಇದೆ. ನೀವು ಶಾಲೆಯಲ್ಲಿ ಕಲಿಯುವ ಇಂಗ್ಲಿಷಿನ ದೊಡ್ಡಕ್ಷರಗಳು ಇವೆಯಲ್ಲ, ಅವುಗಳ ಅಜ್ಜ ಮುತ್ತಜ್ಜರೆಲ್ಲ ಅಲ್ಲಿದ್ದಾರೆ. ರೋಮನ್ನರು ಆಗ ಸಣ್ಣಕ್ಷರಗಳನ್ನು ಕಲ್ಲಿನಲ್ಲಿ ಕೊರೆಯುತ್ತಿರಲಿಲ್ಲ. ‘ಜೆ’, ‘ಯು’, ‘ಡಬ್ಲ್ಯು’ ಅಕ್ಷರಗಳು ಅವರಲ್ಲಿ ಇರಲೇ ಇಲ್ಲ. ‘ಯು’ ಬರಬೇಕಾದ ಕಡೆ ‘ವಿ’ ಅಕ್ಷರವನ್ನೇ ಹಾಕುತ್ತಿದ್ದರು. ಪದ ಮುಗಿಯಿತು ಎನ್ನಲು ನಡುವೆ ಒಂದು ಚುಕ್ಕೆ ಇಡುತ್ತಿದ್ದರು, ಅಷ್ಟೇ.

ಆ ಶಾಸನದ ಮೇಲಿನ ಸಾಲುಗಳ ಅಕ್ಷರ ದೊಡ್ಡದು, ಕೆಳಗಿನ ಸಾಲುಗಳದು ಸ್ವಲ್ಪ ಚಿಕ್ಕದು. ಯಾಕೆ ಗೊತ್ತೇ? ಶಾಸನ ತಲೆಗಿಂತ ಮೇಲಿದೆ. ಕೆಳಗೆ ನಿಂತು ನೋಡುವವರಿಗೆ ಮೇಲಿನ ಸಾಲು ಹೆಚ್ಚು ದೂರ. ದೂರದ್ದು ಚಿಕ್ಕದಾಗಿ ಕಾಣುತ್ತದೆ. ಅದಕ್ಕೆ ಅದನ್ನು ದೊಡ್ಡದಾಗಿ ಕೊರೆದರು ಎಂದು ಹೇಳುತ್ತಾರೆ. ನಿಮ್ಮ ಶಾಲೆಯ ಗೋಡೆಯ ಮೇಲೆ ಎತ್ತರದಲ್ಲಿ ಸೂಕ್ತಿ ಬರೆಯುವ ಪೇಂಟರ್ ಕೂಡ ಇದನ್ನು ಬಲ್ಲ!

ಆ ಅಕ್ಷರಗಳ ಗೆರೆ ಮುಗಿಯುವ ಕಡೆ ಪುಟ್ಟ ಪಾದದಂಥ ಚಾಚು ಇರುತ್ತದೆ. ಅಕ್ಷರ ಚಪ್ಪಲಿ ಹಾಕಿಕೊಂಡು ನಿಂತ ಹಾಗೆ ಕಾಣುತ್ತದೆ. ಇದು ಎಲ್ಲಿಂದ ಬಂತು? ಉಳಿಯಿಂದ ಕೊರೆಯುವಾಗ ಗೆರೆಯ ತುದಿಯನ್ನು ನೀಟಾಗಿ ಮುಗಿಸಲು ಹೀಗೆ ಮಾಡಿದರು ಎಂದು ಬಹಳ ಕಾಲ ಎಲ್ಲರೂ ಬರೆಯುತ್ತಿದ್ದರು. ಅಮೆರಿಕದ ಎಡ್ವರ್ಡ್ ಕ್ಯಾಟಿಚ್ ಎಂಬ ಪಾದ್ರಿ ಮೊದಲು ಅಂಗಡಿ ಬೋರ್ಡುಗಳನ್ನು ಬರೆಯುತ್ತಿದ್ದವರು. ಕುಂಚ ಹಿಡಿದು ಪಳಗಿದ ಕೈ. ಅವರು ಟ್ರಾಜನ್ ಶಾಸನವನ್ನು ಹತ್ತಿರದಿಂದ ವರ್ಷಗಟ್ಟಲೆ ಅಧ್ಯಯನ ಮಾಡಿ 1968ರಲ್ಲಿ ಒಂದು ಪುಸ್ತಕ ಬರೆದರು. ಚಪ್ಪಟೆ ಕುಂಚದಿಂದ ಮೊದಲು ಕಲ್ಲಿನ ಮೇಲೆ ಅಕ್ಷರ ಬರೆಯುತ್ತಿದ್ದರು, ಆಮೇಲೆ ಉಳಿ ಆ ಬರಹದ ಮೇಲೆಯೇ ನಡೆಯುತ್ತಿತ್ತು, ಆ ಪಾದಗಳು ಕುಂಚದ ತಿರುವಿನಿಂದ ಬಂದವು ಎಂಬುದು ಅವರ ವಾದ. ಬೋರ್ಡು ಬರೆದವರ ಕಣ್ಣಿಗೆ ವಿದ್ವಾಂಸರ ಕಣ್ಣಿಗೆ ಬೀಳದ್ದು ಬಿತ್ತು ನೋಡಿ.

ಮೊದಲು ಬರೆದು ಆಮೇಲೆ ಕೊರೆಯುವುದು ನಮಗೇನು ಹೊಸದೇ? ಬೀದರಿನ ಬಿದ್ರಿ ಕೆಲಸದವರನ್ನು ನೋಡಿದ್ದೀರಲ್ಲ. ಸತು ಮತ್ತು ತಾಮ್ರದ ಎರಕದ ಹೂಜಿಯನ್ನು ಅರದಿಂದ ಉಜ್ಜಿ ನಯ ಮಾಡುತ್ತಾರೆ. ಮೈಲುತುತ್ತದ ನೀರು ಸವರಿ ಅದನ್ನು ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಆ ಕಪ್ಪಿನ ಮೇಲೆ ಮೊನೆಯಿಂದ ಹೂಬಳ್ಳಿಯ ಚಿತ್ರ ಗೀಚುತ್ತಾರೆ. ಆಮೇಲೆಯೇ ಉಳಿ. ಉಳಿ ಕೊರೆದ ಕಾಲುವೆಯಲ್ಲಿ ಬೆಳ್ಳಿಯ ತಂತಿ ಕೂರುತ್ತದೆ. ಕೊನೆಗೆ ನವಸಾಗರ ಮತ್ತು ಕೋಟೆಯ ಮಣ್ಣು ಕಲಸಿದ ಲೇಪದಿಂದ ಲೋಹ ಕಾಯಂ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ. ಚಿತ್ರ ಬರೆಯುವ ಕೈ ತಪ್ಪಿದರೆ ಅಳಿಸಬಹುದು, ಉಳಿಯ ಕೈ ತಪ್ಪಿದರೆ ಅಳಿಸಲಾಗದು.

ನಮ್ಮ ಶಾಸನಗಳಲ್ಲೂ ಹೀಗೆಯೇ ಎರಡು ಕೆಲಸಗಳಿದ್ದವು. ಶಾಸನದ ಮಾತನ್ನು ರಚಿಸಿದ ಕವಿ ಒಬ್ಬ, ಕಲ್ಲಿನಲ್ಲಿ ಕಂಡರಿಸಿದ ರೂವಾರಿ ಇನ್ನೊಬ್ಬ. ಎಷ್ಟೋ ಶಾಸನಗಳ ಕೊನೆಯಲ್ಲಿ ಇವರ ಹೆಸರುಗಳೂ ಇರುತ್ತವೆ. ಕೊರೆಯುವಾಗ ಒಂದಕ್ಷರ ಬಿಟ್ಟುಹೋದರೆ ಸಾಲಿನ ಕೆಳಗೆ ಚಿಕ್ಕದಾಗಿ ಸೇರಿಸಿದ್ದೂ ಉಂಟು. ನೀವು ಶುದ್ಧಬರಹದಲ್ಲಿ ಬಿಟ್ಟ ಅಕ್ಷರವನ್ನು ಮೇಲೆ ಸೇರಿಸುತ್ತೀರಲ್ಲ, ಹಾಗೆಯೇ.

ಯಾವ ಕಲ್ಲು?

ಬೀದರ್ ಕೆಂಪು ಕಲ್ಲಿನ ನಾಡು. ಕೋಟೆಯ ಕಂದಕವನ್ನು ಅದೇ ಕೆಂಪು ಜಂಬುಕಲ್ಲಿನಲ್ಲಿ ಕಡಿದಿದ್ದಾರೆ. ಆದರೆ ಆ ಕಲ್ಲಿನ ತುಂಬ ತೂತುಗಳು. ಸಣ್ಣ ಅಕ್ಷರ ಅದರಲ್ಲಿ ನಿಲ್ಲುವುದಿಲ್ಲ. ಅಕ್ಷರಕ್ಕೆ ನುಣುಪಾದ ಕರಿಕಲ್ಲು ಬೇಕು. ಬೀದರಿನಲ್ಲಿ ಇನ್ನೊಂದು ಉಪಾಯವನ್ನೂ ಕಾಣಬಹುದು. 1472ರ ಮಹಮೂದ್ ಗಾವಾನ್ ಮದರಸಾದ ಮುಂಭಾಗ ನೋಡಿ. ಅಲ್ಲಿ ಬರಹವನ್ನು ಬಣ್ಣದ ಮೆರುಗಿನ ಹೆಂಚುಗಳಲ್ಲಿ ಮಾಡಿ ಗೋಡೆಗೆ ಕೂರಿಸಿದ್ದಾರೆ. ಅದರ ಬಹುಭಾಗ ಈಗ ಉದುರಿಹೋಗಿದೆ. ಉಳಿದಷ್ಟೇ ನೋಡಿದರೂ ಅಕ್ಷರ ಎಷ್ಟು ಚೆಂದ ಎಂದು ಗೊತ್ತಾಗುತ್ತದೆ. ಕನ್ನಡ, ಸಂಸ್ಕೃತ, ಪಾರಸಿ, ಅರಬ್ಬಿ – ಒಂದೇ ಜಿಲ್ಲೆಯಲ್ಲಿ ಇಷ್ಟು ಭಾಷೆಗಳ ಬರಹ ಓದುವ ಅದೃಷ್ಟ ಎಲ್ಲರಿಗೂ ಇಲ್ಲ. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಗುಲಾಂ ಯಜ್ದಾನಿಯವರು ಬೀದರಿನ ಕಟ್ಟಡಗಳನ್ನೂ ಅವುಗಳ ಮೇಲಿನ ಬರಹಗಳನ್ನೂ ಕುರಿತು ಬರೆದ ದೊಡ್ಡ ಪುಸ್ತಕ 1947ರಲ್ಲಿ ಬಂತು.

ಜಾಗ ಬಿಡದ ಬರಹ

ಹಳೆಯ ಕನ್ನಡ ಶಾಸನಗಳಲ್ಲಿ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. ಸಾಲು ತುಂಬಿದರೆ ಪದವನ್ನು ಅಲ್ಲಿಗೇ ಕತ್ತರಿಸಿ ಉಳಿದದ್ದನ್ನು ಕೆಳಗಿನ ಸಾಲಿನಲ್ಲಿ ಕೊರೆಯುತ್ತಿದ್ದರು. ಪದ ಬಿಡಿಸುವ ಕೆಲಸ ಓದುವವರದು. ಇದು ಎಷ್ಟು ಕಷ್ಟ ಎಂದು ತಿಳಿಯಲು ನಾನೇ ಹೆಣೆದ ಒಂದು ಸಾಲು ಕೊಡುತ್ತೇನೆ, ಓದಿ:

ಮಾವನಕೆರೆಗೆಕೊಟ್ಟಹೊಲ

‘ಮಾವನಕೆರೆ’ ಎಂಬ ಊರಿಗೆ ಕೊಟ್ಟ ಹೊಲವೇ? ಅಥವಾ ‘ಮಾವನ’ ಕೆರೆಗೆ, ಅಂದರೆ ಹೆಂಡತಿಯ ಅಪ್ಪ ಕಟ್ಟಿಸಿದ ಕೆರೆಯ ಖರ್ಚಿಗೆ ಬಿಟ್ಟ ಹೊಲವೇ? ಒಂದು ಜಾಗ ಬಿಡುವುದರಲ್ಲಿ ಒಂದು ಊರೇ ಹುಟ್ಟಬಹುದು, ಒಂದು ಊರೇ ಮಾಯವಾಗಬಹುದು!

ಇಷ್ಟೇ ಅಲ್ಲ. ‘ವ’ ಮತ್ತು ‘ಮ’, ‘ಪ’ ಮತ್ತು ‘ಷ’ ಇಂದೂ ಹತ್ತಿರದ ಅಕ್ಷರಗಳು. ಸವೆದ ಕಲ್ಲಿನಲ್ಲಿ ಒಂದು ಗೆರೆ ಹೋದರೆ ಒಂದು ಇನ್ನೊಂದಾಗುತ್ತದೆ. ಅಕ್ಷರದ ಆಕಾರವೂ ಕಾಲದಿಂದ ಕಾಲಕ್ಕೆ ಬದಲಾಗಿದೆ. ಭಾಷೆಯೂ ಬದಲಾಗಿದೆ. ನಾವು ‘ಹತ್ತು’ ಎನ್ನುವುದನ್ನು ಹಿಂದಿನವರು ‘ಪತ್ತು’ ಎನ್ನುತ್ತಿದ್ದರು, ‘ಹುಲಿ’ಯನ್ನು ‘ಪುಲಿ’ ಎನ್ನುತ್ತಿದ್ದರು.

ಈ ಬದಲಾವಣೆಗಳಿಂದ ತೊಂದರೆಯೂ ಇದೆ, ಲಾಭವೂ ಇದೆ. ಹಾಸನ ಜಿಲ್ಲೆಯ ಹಲ್ಮಿಡಿ ಶಾಸನದ ಹೆಸರು ಕೇಳಿದ್ದೀರಿ. ಅದು 1936ರಲ್ಲಿ ಬೆಳಕಿಗೆ ಬಂತು. ಅದರಲ್ಲಿ ವರ್ಷ ಬರೆದಿಲ್ಲ. ಅಕ್ಷರದ ರೂಪ, ಭಾಷೆ, ಅದರಲ್ಲಿ ಬರುವ ಹೆಸರುಗಳು – ಇವನ್ನು ನೋಡಿ ಅದು ಸುಮಾರು ಕ್ರಿ.ಶ. 450ರದು ಎಂದು ಹೇಳುತ್ತಾರೆ. ‘ಸುಮಾರು’ ಎಂಬ ಪದವನ್ನು ಗಮನಿಸಿದಿರಾ? ಪರೀಕ್ಷೆಗೆ ಓದುವಾಗ ನಾವು ಆ ಪದವನ್ನು ಬಿಟ್ಟು ‘ಕ್ರಿ.ಶ. 450’ ಎಂದು ಬಾಯಿಪಾಠ ಮಾಡಿಬಿಡುತ್ತೇವೆ. ಆ ಒಂದು ಪದ ಬಿಟ್ಟರೆ ಊಹೆ ಹೋಗಿ ನಿಜದ ವೇಷ ಹಾಕಿಕೊಂಡು ಕೂರುತ್ತದೆ.

ಕಲ್ಲಿನ ಅಚ್ಚು ತೆಗೆಯುವುದು

ಕಲ್ಲನ್ನು ಮನೆಗೆ ಹೊತ್ತು ತರಲಾಗದು. ಅದಕ್ಕೆ ಶಾಸನ ಓದುವವರು ಅದರ ಪಡಿಯಚ್ಚು ತೆಗೆಯುತ್ತಾರೆ. ಮೊದಲು ಕಲ್ಲನ್ನು ನೀರು ಮತ್ತು ಬ್ರಷ್ಷಿನಿಂದ ಸ್ವಚ್ಛ ಮಾಡುತ್ತಾರೆ. ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಹಾಸಿ ಬಿರುಸಾದ ಬ್ರಷ್ಷಿನಿಂದ ಮೆಲ್ಲಗೆ ಬಡಿಯುತ್ತಾರೆ. ಕಾಗದ ಅಕ್ಷರದ ಕುಳಿಗಳ ಒಳಗೆ ಇಳಿಯುತ್ತದೆ. ಕಾಗದ ಅರ್ಧ ಒಣಗಿದಾಗ ಶಾಯಿ ಮೆತ್ತಿದ ಬಟ್ಟೆಯ ಉಂಡೆಯನ್ನು ಮೇಲೆ ಒತ್ತುತ್ತ ಹೋಗುತ್ತಾರೆ. ಕುಳಿಗೆ ಇಳಿದ ಭಾಗಕ್ಕೆ ಶಾಯಿ ತಾಗುವುದಿಲ್ಲ. ಕಾಗದ ಕಪ್ಪಾಗುತ್ತದೆ, ಅಕ್ಷರ ಬೆಳ್ಳಗೆ ಉಳಿಯುತ್ತದೆ.

ಇದನ್ನು ನೀವು ಕಲ್ಲಿನ ಮೇಲೆ ಮಾಡಬೇಡಿ, ಅದು ಕಲಿತವರ ಕೆಲಸ. ಆದರೆ ಒಂದು ರೂಪಾಯಿ ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ನೋಡಿ. ನಾಣ್ಯದಲ್ಲಿ ಅಕ್ಷರ ಉಬ್ಬಿದೆ, ಆದ್ದರಿಂದ ಅಕ್ಷರವೇ ಕಪ್ಪಾಗುತ್ತದೆ. ಶಾಸನದಲ್ಲಿ ಅಕ್ಷರ ತಗ್ಗಿದೆ, ಆದ್ದರಿಂದ ಅದು ಬೆಳ್ಳಗಿರುತ್ತದೆ.

ಇನ್ನೊಂದು ಪ್ರಯೋಗ. ಬಟ್ಟೆ ಸೋಪಿನ ಬಿಲ್ಲೆಯ ಮೇಲೆ ಮೊಳೆಯಿಂದ ನಿಮ್ಮ ಹೆಸರನ್ನು ತೆಳ್ಳಗೆ ಕೊರೆಯಿರಿ. ಬೆರಳನ್ನು ಒದ್ದೆ ಮಾಡಿ ಅಕ್ಷರಗಳು ಅರ್ಧ ಸವೆಯುವಷ್ಟು ಉಜ್ಜಿ. ಕೋಣೆಯನ್ನು ಕತ್ತಲೆ ಮಾಡಿ. ಟಾರ್ಚನ್ನು ಬಿಲ್ಲೆಯ ನೇರ ಮೇಲೆ ಹಿಡಿಯಿರಿ. ಅಕ್ಷರ ಕಾಣುತ್ತದೆಯೇ? ಕಷ್ಟ. ಈಗ ಟಾರ್ಚನ್ನು ಬಿಲ್ಲೆಯ ಮಟ್ಟಕ್ಕೆ ಇಳಿಸಿ, ಪಕ್ಕದಿಂದ ಬೆಳಕು ಬಿಡಿ. ಮಾಯವಾಗಿದ್ದ ಅಕ್ಷರ ಎದ್ದು ಬರುತ್ತದೆ! ಬೆಳಕು ಓರೆಯಾಗಿ ಬಂದಾಗ ಕುಳಿಯ ಒಂದು ಅಂಚು ನೆರಳು ಚೆಲ್ಲುತ್ತದೆ, ಎದುರಿನ ಅಂಚು ಬೆಳಗುತ್ತದೆ. ಅದಕ್ಕೇ ಶಾಸನ ಓದುವವರು ಮಟಮಟ ಮಧ್ಯಾಹ್ನ ಹೋಗುವುದಿಲ್ಲ. ಬೆಳಗ್ಗೆ ಅಥವಾ ಸಂಜೆ, ಇಲ್ಲವೇ ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೋಗುತ್ತಾರೆ.

ಎಷ್ಟು ಪ್ರಯತ್ನಪಟ್ಟರೂ ಕೆಲವು ಅಕ್ಷರಗಳು ಸಿಗುವುದಿಲ್ಲ. ಆಗ ಏನು ಮಾಡಬೇಕು? ಪ್ರಾಮಾಣಿಕರಾದ ಓದುಗರು ಅಲ್ಲಿ ಚುಕ್ಕೆ ಹಾಕುತ್ತಾರೆ. ಅಸ್ಪಷ್ಟವಾಗಿ ಕಂಡದ್ದನ್ನೂ ತಾವು ಊಹಿಸಿ ತುಂಬಿದ್ದನ್ನೂ ಕಂಸದ ಒಳಗೆ ಬರೆಯುತ್ತಾರೆ. ಗ್ರೀಕ್ ಮತ್ತು ಲ್ಯಾಟಿನ್ ಶಾಸನಗಳನ್ನು ಓದುವವರು ಇಂಥ ಗುರುತುಗಳ ಬಗ್ಗೆ 1931ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಸೇರಿ ಒಂದು ಒಪ್ಪಂದವನ್ನೇ ಮಾಡಿಕೊಂಡರು. ನಾನು ಕಂಡದ್ದು ಯಾವುದು, ನಾನು ಊಹಿಸಿದ್ದು ಯಾವುದು ಎಂದು ಮುಂದೆ ಬರುವವರಿಗೆ ತಿಳಿಯಬೇಕು. ಕಂಸ ಹಾಕದೆ ಬರೆದರೆ ಅವರು ಊಹೆಯನ್ನೇ ಕಲ್ಲಿನ ಮಾತು ಎಂದು ನಂಬುತ್ತಾರೆ.

ಕಲ್ಲು ಹೇಳಿದ್ದೆಲ್ಲ ನಿಜವೇ?

ಸರಿಯಾಗಿ ಓದಿದರೂ ಸಾಲದು. ಮತ್ತೆ ರೋಮಿಗೆ ಹೋಗೋಣ. ಅಲ್ಲಿ ಪ್ಯಾಂಥಿಯನ್ ಎಂಬ ದೊಡ್ಡ ಗುಮ್ಮಟದ ಗುಡಿ ಇದೆ. ಅದರ ಮುಂಭಾಗದಲ್ಲಿ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಅಗ್ರಿಪ್ಪ ಎಂಬವನು ಇದನ್ನು ಕಟ್ಟಿಸಿದ ಎಂದು ಬರೆದಿದೆ. ಓದಲು ಏನೂ ಕಷ್ಟವಿಲ್ಲ. ಅಗ್ರಿಪ್ಪ ಕ್ರಿಸ್ತಪೂರ್ವದಲ್ಲೇ ತೀರಿಕೊಂಡವನು. ಜನ ಬಹಳ ಕಾಲ ಈ ಗುಡಿ ಅವನದೇ ಎಂದು ನಂಬಿದ್ದರು. 19ನೆಯ ಶತಮಾನದ ಕೊನೆಯಲ್ಲಿ ಗೋಡೆಯ ಇಟ್ಟಿಗೆಗಳನ್ನು ಪರೀಕ್ಷಿಸಿದಾಗ ಗುಟ್ಟು ರಟ್ಟಾಯಿತು. ರೋಮಿನ ಇಟ್ಟಿಗೆ ಮಾಡುವವರು ಹಸಿ ಇಟ್ಟಿಗೆಯ ಮೇಲೆ ಮುದ್ರೆ ಒತ್ತುತ್ತಿದ್ದರು. ಆ ಮುದ್ರೆಗಳು ಅಗ್ರಿಪ್ಪ ಸತ್ತು ನೂರಕ್ಕೂ ಹೆಚ್ಚು ವರ್ಷಗಳಾದ ಮೇಲಿನವು! ಅಗ್ರಿಪ್ಪನ ಹಳೆಯ ಗುಡಿ ಸುಟ್ಟುಹೋಗಿತ್ತು. ಹೊಸದಾಗಿ ಕಟ್ಟಿದವರು ಗೌರವದಿಂದ ಹಳೆಯವನ ಹೆಸರನ್ನೇ ಉಳಿಸಿದ್ದರು. ಯಾರೂ ಓದಲಿ ಎಂದು ಬರೆಯದ ಪುಟ್ಟ ಮುದ್ರೆಯೇ ಇಲ್ಲಿ ಹೆಚ್ಚು ನಂಬಿಕೆಯ ಸಾಕ್ಷಿಯಾಯಿತು.

ಒಂದು ವಾಕ್ಯ ತಿದ್ದೋಣ

ಈಗ ನಮ್ಮ ಕಡೆಯ ಕತೆ. ಎರಡು ಸಾವಿರ ವರ್ಷಗಳಿಗಿಂತ ಹಳೆಯ ಬ್ರಾಹ್ಮಿ ಲಿಪಿಯ ಶಾಸನಗಳು ದೇಶದ ಉದ್ದಗಲಕ್ಕೂ ಇವೆ. ಅವನ್ನು ಓದುವುದು ಹೇಗೆಂದು ಎಲ್ಲರೂ ಮರೆತಿದ್ದರು. ಕಲ್ಕತ್ತೆಯ ಟಂಕಸಾಲೆಯಲ್ಲಿ ಕೆಲಸ ಮಾಡುತ್ತಿದ್ದ ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಈ ಒಗಟು ಬಿಡಿಸಿದ. ಸಾಂಚಿಯ ಸ್ತೂಪದ ಕಟಾಂಜನದ ಮೇಲಿನ ಚಿಕ್ಕ ಚಿಕ್ಕ ಬರಹಗಳೆಲ್ಲ ಒಂದೇ ರೀತಿಯ ಅಕ್ಷರಗಳಿಂದ ಮುಗಿಯುತ್ತಿದ್ದವು. ಗುಡಿಯ ಕಂಬಕ್ಕೆ, ಗಂಟೆಗೆ ಜನ ಏನು ಬರೆಸುತ್ತಾರೆ? ‘ಇಂಥವರ ದಾನ’ ಎಂದಲ್ಲವೇ? ಅವನೂ ಹಾಗೆಯೇ ಯೋಚಿಸಿದ. ಕೊನೆಯ ಅಕ್ಷರಗಳು ‘ದಾನಂ’ ಇರಬೇಕು ಎಂದು ಊಹಿಸಿದ. ಊಹೆ ಸರಿಯಾಯಿತು. ಆ ಅಕ್ಷರಗಳ ಕೀಲಿಯಿಂದ ಉಳಿದವೂ ಒಂದೊಂದಾಗಿ ತೆರೆದುಕೊಂಡವು.

ದೊಡ್ಡ ಶಾಸನಗಳಲ್ಲಿ ‘ದೇವಾನಂಪಿಯ ಪಿಯದಸಿ’ ಎಂಬ ರಾಜ ಮಾತನಾಡುತ್ತಿದ್ದ. ಯಾರಿವನು? ಲಂಕೆಯ ರಾಜನಿರಬೇಕು ಎಂದು ಪ್ರಿನ್ಸೆಪ್ ಮೊದಲು ಬರೆದ. ಲಂಕೆಯಲ್ಲಿದ್ದ ಜಾರ್ಜ್ ಟರ್ನರ್ ಅಲ್ಲಿನ ಹಳೆಯ ಪಾಲಿ ಗ್ರಂಥವನ್ನು ನೋಡಿ, ಅಲ್ಲ, ಇವನು ಮೌರ್ಯ ಅಶೋಕ ಎಂದು ತಿಳಿಸಿದ. ಪ್ರಿನ್ಸೆಪ್ ತನ್ನ ಮಾತನ್ನು ತಿದ್ದಿಕೊಂಡ. ಆದರೂ ಆಗ ಗೊತ್ತಿದ್ದ ಅವನ ಯಾವ ಶಾಸನದಲ್ಲೂ ‘ಅಶೋಕ’ ಎಂಬ ಹೆಸರು ಸ್ಪಷ್ಟವಾಗಿ ಇರಲಿಲ್ಲ.

1915ರಲ್ಲಿ ಹೈದರಾಬಾದ್ ನಿಜಾಮರ ಸರಕಾರದ ಗಣಿ ಎಂಜಿನಿಯರ್ ಸಿ. ಬೀಡನ್ ಎಂಬವನು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನ ಹುಡುಕುತ್ತಿದ್ದ. ಆಗ ರಾಯಚೂರೂ ನಮ್ಮ ಬೀದರೂ ಒಂದೇ ಸಂಸ್ಥಾನದಲ್ಲಿದ್ದವು. ಅಲ್ಲಿನ ಬಂಡೆಯೊಂದರ ಮೇಲೆ ಅವನಿಗೆ ಅಕ್ಷರಗಳು ಕಂಡವು. ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅದರಲ್ಲಿ ‘ದೇವಾನಂಪಿಯ’ ಎಂಬುದರ ಜೊತೆಗೆ ‘ಅಸೋಕ’ ಎಂಬ ಹೆಸರು ಇತ್ತು. ಚಿನ್ನಕ್ಕಿಂತ ದೊಡ್ಡದೇ ಸಿಕ್ಕಿತು ಎನ್ನಬೇಕು.

ಇಲ್ಲಿಂದ ತಪ್ಪಿನ ಕತೆ ಶುರು. ‘ಅಶೋಕನ ಹೆಸರು ಇರುವ ಏಕೈಕ ಶಾಸನ ಮಸ್ಕಿ’ ಎಂದು ಪುಸ್ತಕಗಳು ಬರೆದವು. ಅಶೋಕನದೇ ಶಾಸನಗಳ ಮಟ್ಟಿಗೆ ಆಗ ಅದು ನಿಜವೇ. ಆದರೆ ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮದೇ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳಂಗಳಲ್ಲಿ ಅಶೋಕನ ಹೆಸರಿರುವ ಶಾಸನಗಳು ಸಿಕ್ಕವು. ಪುಸ್ತಕಗಳು ಮಾತ್ರ ‘ಏಕೈಕ’ ಎನ್ನುವುದನ್ನು ಬಿಡಲಿಲ್ಲ. ಒಂದು ಪುಸ್ತಕ ನೋಡಿ ಇನ್ನೊಂದು, ಅದನ್ನು ನೋಡಿ ಮತ್ತೊಂದು. ನಿಜ ಹೇಳಬೇಕೆಂದರೆ ನಾನೂ ಒಮ್ಮೆ ಮಕ್ಕಳಿಗೆ ರಸಪ್ರಶ್ನೆ ಮಾಡುವಾಗ ಇದನ್ನೇ ಕೇಳಿ, ‘ಮಸ್ಕಿ’ ಎಂದವರಿಗೆ ಅಂಕ ಕೊಟ್ಟಿದ್ದೆ!

ಇಂಥ ತಪ್ಪನ್ನು ವಿಶ್ವಕೋಶದಲ್ಲಿ ಕಂಡರೆ ಏನು ಮಾಡುವುದು? ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ನಿಮ್ಮ ಊರಿನ ಹೈಸ್ಕೂಲಿನಲ್ಲೋ ಗ್ರಂಥಾಲಯದಲ್ಲೋ ಇರಬಹುದು. ಅದರ ಮೊದಲ ಸಂಪುಟ 1969ರಲ್ಲಿ ಬಂತು, ಒಟ್ಟು 14 ಸಂಪುಟಗಳು. ಅಚ್ಚಾದ ಪುಸ್ತಕದಲ್ಲಿ ತಪ್ಪು ಉಳಿದರೆ ಮುಂದಿನ ಮುದ್ರಣದವರೆಗೆ ಕಾಯಬೇಕು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಬೇರೆ ಬಗೆಯದು. ಅದು ಅಂತರಜಾಲದಲ್ಲಿರುವ ವಿಶ್ವಕೋಶ. ಪುಟದ ಮೇಲೆ ‘ಸಂಪಾದಿಸಿ’ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿ ಯಾರು ಬೇಕಾದರೂ ತಿದ್ದಬಹುದು. ಹಾಗಾದರೆ ಯಾರು ಬೇಕಾದರೂ ಕೆಡಿಸಬಹುದಲ್ಲ ಎನ್ನುತ್ತೀರಾ? ಕೆಡಿಸಬಹುದು. ಆದರೆ ಪ್ರತಿ ಪುಟಕ್ಕೂ ಒಂದು ‘ಇತಿಹಾಸ’ ಇದೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಅಕ್ಷರ ಬದಲಾಯಿತು ಎಂಬುದೆಲ್ಲ ಅಲ್ಲಿ ದಾಖಲಾಗುತ್ತದೆ. ಕೆಟ್ಟದ್ದನ್ನು ಹಿಂದಿನ ರೂಪಕ್ಕೆ ತರಬಹುದು. ಒಪ್ಪದವರು ವಾದ ಮಾಡಲು ‘ಚರ್ಚೆ’ ಎಂಬ ಬೇರೆ ಪುಟವೇ ಇದೆ.

ಅಲ್ಲಿ ಒಂದು ಕಟ್ಟುನಿಟ್ಟಿನ ನಿಯಮವೂ ಇದೆ. ‘ನನಗೆ ಗೊತ್ತು’ ಎಂದರೆ ನಡೆಯುವುದಿಲ್ಲ. ಯಾವ ಪುಸ್ತಕದಲ್ಲಿದೆ, ಯಾರು ಪ್ರಕಟಿಸಿದ್ದಾರೆ ಎಂದು ತೋರಿಸಬೇಕು. ನೀವೇ ಕಲ್ಲನ್ನು ಓದಿ ನೇರವಾಗಿ ಅಲ್ಲಿ ಬರೆಯುವಂತಿಲ್ಲ. ಮೊದಲು ತಜ್ಞರು ಪರೀಕ್ಷಿಸಿ ಪ್ರಕಟಿಸಿರಬೇಕು.

ಸರಿ, ನಾವೀಗ ತಿದ್ದೋಣ. ಇದ್ದದ್ದು ಹೀಗೆ:

‘ಅಶೋಕನ ಹೆಸರು ಇರುವ ಏಕೈಕ ಶಾಸನ ಮಸ್ಕಿಯದು.’

‘ಏಕೈಕ’ ಎಂಬುದನ್ನು ಹೊಡೆದುಹಾಕಿದರೆ ಸಾಕೇ? ಸಾಲದು. ಹಾಗೆ ಮಾಡಿದರೆ ಮಸ್ಕಿಗೆ ಯಾಕೆ ಇಷ್ಟು ಹೆಸರು ಎಂಬುದೇ ತಿಳಿಯದೆ ಹೋಗುತ್ತದೆ. ಆದ್ದರಿಂದ ಹೀಗೆ ಬರೆಯೋಣ:

‘ಅಶೋಕನ ಹೆಸರು ಅವನದೇ ಶಾಸನದಲ್ಲಿ ಮೊದಲ ಸಲ ಸಿಕ್ಕಿದ್ದು 1915ರಲ್ಲಿ ಮಸ್ಕಿಯಲ್ಲಿ. ಆಮೇಲೆ ಗುಜರ್ರಾ, ನಿಟ್ಟೂರು, ಉಡೇಗೋಳಂ ಶಾಸನಗಳಲ್ಲೂ ಅದು ಕಂಡುಬಂದಿದೆ.’

ವಾಕ್ಯ ಸ್ವಲ್ಪ ಉದ್ದವಾಯಿತು, ಬಾಯಿಪಾಠಕ್ಕೆ ಕಷ್ಟವಾಯಿತು. ಆದರೆ ನಾಳೆ ಐದನೆಯ ಶಾಸನ ಸಿಕ್ಕರೂ ಇದು ಸುಳ್ಳಾಗುವುದಿಲ್ಲ. ‘ಏಕೈಕ’, ‘ಅತಿ ಹಳೆಯ’, ‘ಮೊಟ್ಟಮೊದಲ’ ಎಂಬ ಪದಗಳನ್ನು ಕಂಡಾಗಲೆಲ್ಲ ಸಂಪಾದಕರ ಕಿವಿ ನೆಟ್ಟಗಾಗುತ್ತದೆ.

ಕಲಬುರಗಿ ಜಿಲ್ಲೆಯ ಸನ್ನತಿಯ ಹತ್ತಿರದ ಕನಗನಹಳ್ಳಿಯಲ್ಲಿ ಇದಕ್ಕಿಂತ ಸೊಗಸಾದದ್ದೂ ಸಿಕ್ಕಿದೆ. ಅದು ರಾಜನೊಬ್ಬನ ಉಬ್ಬುಶಿಲ್ಪ. ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯ ಅಸೋಕೋ’ ಎಂಬ ಹೆಸರು. ಚಿತ್ರದ ಕೆಳಗೆ ಹೆಸರು ಬರೆದ ಹಾಗೆ! ಸನ್ನತಿಯಲ್ಲಿ ಸಿಕ್ಕ ಅಶೋಕನ ಶಾಸನದ ಕಲ್ಲಿನ ಗತಿ ಮಾತ್ರ ಬೇರೆ. ಹಿಂದೆ ಯಾರೋ ಅದರ ನಡುವೆ ತೂತು ಕೊರೆದು ದೇವಿಯ ಮೂರ್ತಿ ನಿಲ್ಲಿಸುವ ಪೀಠ ಮಾಡಿದ್ದರು. 1986ರಲ್ಲಿ ಆ ಗುಡಿಯ ಚಾವಣಿ ಕುಸಿದು ಮೂರ್ತಿ ಒಡೆದಾಗ ಕಲ್ಲು ಬೆಳಕಿಗೆ ಬಂತು. ತೂತಿನ ಜಾಗದಲ್ಲಿದ್ದ ಅಕ್ಷರಗಳು ಹೋದವು, ಅಲ್ಲಿ ಈಗ ಚುಕ್ಕೆಗಳೇ ಗತಿ.

ತಿದ್ದಲಾಗದ ಒಂದು ಹೆಸರು

ಕಲ್ಲು ಮಾತ್ರ ಹಟಮಾರಿ ಎಂದುಕೊಳ್ಳಬೇಡಿ, ಕಂಪ್ಯೂಟರೂ ಹಾಗೆಯೇ. ಹಳಗನ್ನಡದಲ್ಲಿ ‘ೞ’ ಮತ್ತು ‘ಱ’ ಎಂಬ ಎರಡು ಅಕ್ಷರಗಳಿದ್ದವು. ‘ಏಳು’ ಎಂಬ ಸಂಖ್ಯೆಯನ್ನು ‘ಏೞು’ ಎಂದೂ ‘ಆರು’ ಎಂಬುದನ್ನು ‘ಆಱು’ ಎಂದೂ ಬರೆಯುತ್ತಿದ್ದರು. ಶಾಸನವನ್ನು ಇದ್ದ ಹಾಗೆ ಟೈಪ್ ಮಾಡಲು ಇವು ಬೇಕೇ ಬೇಕು. ಪ್ರಪಂಚದ ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಮತ್ತು ಇಂಗ್ಲಿಷಿನಲ್ಲಿ ಒಂದೊಂದು ಹೆಸರು ಕೊಡುವ ‘ಯೂನಿಕೋಡ್’ ಎಂಬ ಪಟ್ಟಿಯಲ್ಲಿ ಇವೆರಡೂ ಇವೆ. ಆದರೆ ಪಟ್ಟಿ ಮಾಡಿದವರು ‘ೞ’ ಅಕ್ಷರಕ್ಕೆ ತಪ್ಪಾಗಿ ‘ಫ’ ಎಂದು ಹೆಸರಿಟ್ಟುಬಿಟ್ಟರು! ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದು ಎಂಬುದು ಆ ಪಟ್ಟಿಯ ನಿಯಮ. ಬದಲಿಸಿದರೆ ಆ ಹೆಸರನ್ನು ನಂಬಿ ಮಾಡಿದ ತಂತ್ರಾಂಶಗಳು ಕೆಡಬಹುದು. ಹಾಗಾಗಿ ತಪ್ಪು ಹೆಸರು ಇಂದಿಗೂ ಅಲ್ಲೇ ಇದೆ. ಪಕ್ಕದಲ್ಲಿ ಸರಿಯಾದ ಇನ್ನೊಂದು ಹೆಸರನ್ನು ಸೇರಿಸಿದ್ದಾರೆ. ರೂವಾರಿ ಸಾಲಿನ ಕೆಳಗೆ ಬಿಟ್ಟ ಅಕ್ಷರ ಸೇರಿಸುತ್ತಿದ್ದನಲ್ಲ, ಅದೇ ಉಪಾಯ.

ನಿಮ್ಮ ಊರಿನ ಕಲ್ಲು

ನಿಮ್ಮ ಊರಿನ ಹಳೆಯ ಗುಡಿ, ದರ್ಗಾ, ಬಾವಿ, ಕೆರೆಯ ಏರಿ, ಹೊಲದ ಬದು – ಎಲ್ಲಾದರೂ ಅಕ್ಷರವಿರುವ ಕಲ್ಲು ಇರಬಹುದು. ಕೆಲವು ಕಡೆ ಅದಕ್ಕೆ ಸುಣ್ಣ ಅಥವಾ ಆಯಿಲ್ ಪೇಂಟ್ ಬಳಿದಿರುತ್ತಾರೆ. ಕೆಲವು ಕಡೆ ಅದರ ಮೇಲೆ ಬಟ್ಟೆ ಒಗೆಯುತ್ತಾರೆ. ಬಳಿದ ಬಣ್ಣವನ್ನು ನೀವು ಮೊಳೆಯಿಂದ ಕೆರೆಯಲು ಹೋಗಬೇಡಿ. ಅಕ್ಷರ ಕಾಣಲೆಂದು ಸೀಮೆಸುಣ್ಣ, ಎಣ್ಣೆ ತುಂಬಬೇಡಿ. ಕೊರೆದ ಅಂಚು ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಸಂಜೆಯ ಓರೆ ಬಿಸಿಲಿನಲ್ಲಿ ಹೋಗಿ ನೋಡಿ. ಎಷ್ಟು ಸಾಲು ಇದೆ ಎಣಿಸಿ. ಮೇಲೆ ಸೂರ್ಯ, ಚಂದ್ರ, ಹಸು ಕರುವಿನ ಚಿತ್ರ ಇದೆಯೇ ನೋಡಿ. ಕಲ್ಲು ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ ಎಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳಿ. ಯಾರದಾದರೂ ಮೊಬೈಲಿನಲ್ಲಿ ಫೋಟೋ ತೆಗೆಸಿ ನಿಮ್ಮ ಗುರುಗಳಿಗೆ ತೋರಿಸಿ. ಅವರು ಪುರಾತತ್ವ ಇಲಾಖೆಗೆ ತಿಳಿಸಬಲ್ಲರು. ನೋಟುಬುಕ್ಕಿನಲ್ಲಿ ಎರಡು ಅಂಕಣ ಮಾಡಿ: ‘ಕಂಡದ್ದು’, ‘ಊರವರು ಹೇಳಿದ್ದು’. ಎರಡನ್ನೂ ಬರೆಯಿರಿ, ಬೆರೆಸಬೇಡಿ.

ನಿಮಗೊಂದು ಲೆಕ್ಕ

ಜಲಸಂಗಿಯ ಹುಡುಗಿ ಹೊಗಳಿದ ವಿಕ್ರಮಾದಿತ್ಯ ತನ್ನ ಹೆಸರಿನಲ್ಲಿ ಹೊಸ ಶಕೆಯನ್ನೇ ಶುರುಮಾಡಿದ. ಅದರ ಮೊದಲ ವರ್ಷ 1076. ಹಾಗಾಗಿ ಶಾಸನದಲ್ಲಿರುವ ಚಾಲುಕ್ಯ ವಿಕ್ರಮ ವರ್ಷಕ್ಕೆ 1075 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. ಶಾಸನಗಳಲ್ಲಿ ಸಂವತ್ಸರದ ಹೆಸರೂ ಇರುತ್ತದೆ. ಸಂವತ್ಸರಗಳು 60, ಆಮೇಲೆ ಮತ್ತೆ ಮೊದಲಿನಿಂದ. ಒಂದು ಸಾಕ್ಷಿ ಸವೆದರೆ ಇನ್ನೊಂದು ಸಹಾಯಕ್ಕೆ ಬರುತ್ತದೆ.

ಒಂದು ಶಾಸನದಲ್ಲಿ ‘ಚಾಲುಕ್ಯ ವಿಕ್ರಮ ವರ್ಷ 3’ ಎಂದು ಓದಿ ಬರುತ್ತದೆ, ಪಕ್ಕದ ಅಂಕಿ ಸವೆದುಹೋಗಿದೆ ಎಂದಿಟ್ಟುಕೊಳ್ಳಿ. ಅಂದರೆ 30ರಿಂದ 39ರವರೆಗೆ ಯಾವುದಾದರೂ ಆಗಬಹುದು. ಸಂವತ್ಸರದ ಹೆಸರು ಮಾತ್ರ ಸ್ಪಷ್ಟವಾಗಿದೆ, ‘ಸರ್ವಜಿತ್’. 2007ರ ಯುಗಾದಿಯಿಂದ 2008ರ ಯುಗಾದಿಯವರೆಗೆ ಸರ್ವಜಿತ್ ಸಂವತ್ಸರ ಇತ್ತು. ಹಾಗಾದರೆ ಸವೆದ ಅಂಕಿ ಯಾವುದು?

(ಉತ್ತರ: 2007ರಿಂದ 60ನ್ನು ಹದಿನೈದು ಸಲ ಕಳೆದರೆ 1107. ಅದರಿಂದ 1075 ಕಳೆದರೆ 32. ಸವೆದ ಅಂಕಿ 2. ವಿಶ್ವಕೋಶಕ್ಕೆ ಬರೆಯುವಾಗ ಆ 2ನ್ನು ಮಾತ್ರ ಕಂಸದಲ್ಲಿ ಹಾಕಬೇಕು: 3[2].)